ಅರ್ನೆಸ್ಟ್ ಜೋನ್ಸ್‌ನ ನೆತ್ತರ ಶಾಯಿ

ಬಿ.ಎ. ತರಗತಿಗೆ ವಿಕ್ಟೋರಿಯನ್ ಯುಗದ ಪಾಠ ಮಾಡುವಾಗ ನಾನು ಹಲವು ವರ್ಷ ಒಂದು ಕತೆಯನ್ನು ತಪ್ಪದೆ ಹೇಳುತ್ತಿದ್ದೆ. ಟೆನಿಸನ್, ಬ್ರೌನಿಂಗ್, ಆರ್ನಾಲ್ಡ್ ಎಲ್ಲ ಮುಗಿದು ಹುಡುಗರ ಕಣ್ಣು ಕಿಟಕಿಯ ಕಡೆ ಹೋಗತೊಡಗಿದಾಗ, ಪಠ್ಯದಲ್ಲಿಲ್ಲದ ಒಬ್ಬ ಕವಿಯ ಹೆಸರು ಹೇಳಿ ಅವರನ್ನು ಹಿಡಿದು ಕೂರಿಸುವ ಉಪಾಯ ಅದು. ಲಂಡನ್ನಿನ ಒಬ್ಬ ಬ್ಯಾರಿಸ್ಟರ್ ಕಾರ್ಮಿಕರ ಪರವಾಗಿ ಭಾಷಣ ಮಾಡಿ ಜೈಲಿಗೆ ಹೋದ. ಅಲ್ಲಿ ಕಾಗದವಿಲ್ಲ, ಶಾಯಿಯಿಲ್ಲ. ಪ್ರಾರ್ಥನಾ ಪುಸ್ತಕದ ಹಾಳೆಗಳ ಮೇಲೆ ತನ್ನ ರಕ್ತದಿಂದಲೇ ಒಂದು ಕಾವ್ಯ ಬರೆದ. ಆ ಕಾವ್ಯದ ಹೆಸರು 'ಹಿಂದೂಸ್ತಾನದ ದಂಗೆ'. ಅಲ್ಲಿಗೆ ಬಂದಾಗ ನಾನು ಒಂದು ಕ್ಷಣ ನಿಲ್ಲಿಸುತ್ತಿದ್ದೆ. ತರಗತಿ ಪೂರ್ತಿ ನಿಶ್ಶಬ್ದ.

ಒಂದು ವರ್ಷ ಮೂರನೇ ಬೆಂಚಿನಲ್ಲಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. "ಮೇಡಂ, ಅದು ಎಷ್ಟು ಸಾಲಿನ ಕಾವ್ಯ? ಅಷ್ಟು ಬರೆಯೋಕೆ ಎಷ್ಟು ರಕ್ತ ಬೇಕು? ಆ ಪುಸ್ತಕ ಈಗ ಎಲ್ಲಿದೆ?"

ನನಗೆ ಮೂರಕ್ಕೂ ಉತ್ತರ ಗೊತ್ತಿರಲಿಲ್ಲ. ನೋಡಿ ಹೇಳ್ತೀನಮ್ಮ ಅಂದೆ. ನೋಡಲು ಕೂತ ಮೇಲೆ ತಿಳಿದದ್ದು ಇಷ್ಟು: ನಾನು ಇಷ್ಟು ವರ್ಷ ಹೇಳುತ್ತಿದ್ದುದು ಅರ್ನೆಸ್ಟ್ ಜೋನ್ಸ್‌ನ ಬದುಕನ್ನಲ್ಲ, ಅರ್ನೆಸ್ಟ್ ಜೋನ್ಸ್ ತನ್ನ ಬಗ್ಗೆ ಕಟ್ಟಿಕೊಂಡ ಕತೆಯನ್ನು.

ಜೋನ್ಸ್ ಹುಟ್ಟಿದ್ದು 1819ರ ಜನವರಿ 25ರಂದು, ಬರ್ಲಿನ್ನಿನಲ್ಲಿ. ತಂದೆ ಸೇನೆಯ ಮೇಜರ್. ಇಂಗ್ಲೆಂಡಿನ ರಾಜನ ಮಗ ಡ್ಯೂಕ್ ಆಫ್ ಕಂಬರ್ಲೆಂಡ್‌ನ ಪರಿವಾರದಲ್ಲಿದ್ದವನು. ಆ ಡ್ಯೂಕನ ಹೆಸರೇ ಅರ್ನೆಸ್ಟ್. ಹುಡುಗನಿಗೆ ಅದೇ ಹೆಸರಿಟ್ಟರು. ಡ್ಯೂಕ್ ಮುಂದೆ ಹ್ಯಾನೋವರಿನ ರಾಜನಾದ. ಹುಡುಗ ಜರ್ಮನಿಯಲ್ಲೇ ಬೆಳೆದು 1838ರಲ್ಲಿ ಇಂಗ್ಲೆಂಡಿಗೆ ಬಂದ. 1841ರಲ್ಲಿ ವಿಕ್ಟೋರಿಯಾ ರಾಣಿಯ ಆಸ್ಥಾನದಲ್ಲಿ ಅವನ ಪರಿಚಯವಾಯಿತು, ಅದೇ ವರ್ಷ ಮದುವೆಯಾಯಿತು, ಅದೇ ವರ್ಷ 'ದ ವುಡ್ ಸ್ಪಿರಿಟ್' ಎಂಬ ರಮ್ಯ ಕಾದಂಬರಿ ಬಂತು. 1844ರಲ್ಲಿ ಮಿಡಲ್ ಟೆಂಪಲ್‌ನಿಂದ ಬ್ಯಾರಿಸ್ಟರ್ ಆದ. ಅಷ್ಟರಲ್ಲೇ ಕೆಂಟ್ ಪ್ರಾಂತ್ಯದಲ್ಲಿ ಕೈಮೀರಿದ ಬೆಲೆಗೆ ದೊಡ್ಡದೊಂದು ಎಸ್ಟೇಟ್ ಕೊಳ್ಳಲು ಹೋಗಿ ದಿವಾಳಿ ಎದ್ದ.

1846ರಲ್ಲಿ ಅವನು ಚಾರ್ಟಿಸ್ಟ್ ಚಳವಳಿ ಸೇರಿದ. ವಯಸ್ಕ ಗಂಡಸರಿಗೆಲ್ಲ ಮತದ ಹಕ್ಕು, ಗುಪ್ತ ಮತದಾನ, ಪಾರ್ಲಿಮೆಂಟ್ ಸದಸ್ಯರಿಗೆ ಸಂಬಳ, ಸದಸ್ಯನಾಗಲು ಆಸ್ತಿ ಇರಬೇಕೆಂಬ ನಿಯಮದ ರದ್ದತಿ, ಸಮಾನ ಕ್ಷೇತ್ರಗಳು, ವರ್ಷಕ್ಕೊಂದು ಚುನಾವಣೆ: ಈ ಆರು ಬೇಡಿಕೆಗಳ ಸುತ್ತ ಇಂಗ್ಲೆಂಡಿನ ಕಾರ್ಮಿಕರು ಕಟ್ಟಿದ ಚಳವಳಿ. ಕೊನೆಯದೊಂದನ್ನು ಬಿಟ್ಟರೆ ಮಿಕ್ಕವೆಲ್ಲ ಇಂದು ನಮಗೆ ಗಾಳಿ ನೀರಿನಷ್ಟು ಸಹಜ. ಆಗ ಅವನ್ನು ಕೇಳಿದವರು ಜೈಲಿಗೆ ಹೋದರು.

ದಿವಾಳಿಯ ದಿನಾಂಕ ಮತ್ತು ಚಳವಳಿ ಸೇರಿದ ದಿನಾಂಕ ಇಷ್ಟು ಹತ್ತಿರ ಇರುವುದು ಯಾರಿಗಾದರೂ ಕಣ್ಣಿಗೆ ಬೀಳುತ್ತದೆ. 1952ರಲ್ಲಿ ಜೋನ್ಸ್‌ನ ಬರಹ, ಭಾಷಣಗಳನ್ನು ಆಯ್ದು ಪ್ರಕಟಿಸಿದ ಎಡಪಂಥೀಯ ಇತಿಹಾಸಕಾರ ಜಾನ್ ಸ್ಯಾವಿಲ್ ಅವನನ್ನು ಸಮಾಜವಾದದ ಪೂರ್ವಜನ ಹಾಗೆ ಕಂಡರು. 2003ರಲ್ಲಿ ಮೈಲ್ಸ್ ಟೇಲರ್ ಬರೆದ ಪುಸ್ತಕದ ಧಾಟಿ ಬೇರೆ. ಸಿರಿವಂತಿಕೆಯನ್ನು ಒದ್ದು ಬಡವರ ಕಡೆ ಬಂದ ಎಂಬ ಕತೆಯನ್ನು ಟೇಲರ್ ಒಂದೊಂದೇ ಎಳೆ ಬಿಚ್ಚಿ ನೋಡುತ್ತಾರೆ: ಒದೆಯಲು ಆಗ ಸಿರಿಯೇ ಉಳಿದಿರಲಿಲ್ಲ. ರಮ್ಯ ಕಾದಂಬರಿ ಬರೆಯುತ್ತಿದ್ದವನು ರಾಜಕೀಯವನ್ನೂ ರಮ್ಯ ಕಾದಂಬರಿಯಂತೆಯೇ ಬದುಕಿದ, ತಾನೇ ಅದರ ನಾಯಕನಾದ ಎಂಬುದು ಅವರ ವಾದ.

ಟೇಲರ್ ಓದಿದ ಮೇಲೆ ಮೊದಲಿಗೆ ನನಗೆ ಮೋಸಹೋದ ಹಾಗೆನಿಸಿತು. ಆಮೇಲೆ ಆ ಭಾವನೆಯ ಮೇಲೇ ಅನುಮಾನ ಬಂತು. ಸೋತವನೊಬ್ಬ ಸೋತವರ ಜೊತೆ ನಿಂತರೆ ಅದು ಯಾಕೆ ಕಡಿಮೆ? ಹೊಟ್ಟೆ ತುಂಬಿದವನ ತ್ಯಾಗವೇ ದೊಡ್ಡದು ಎಂದು ನಾವು ಎಲ್ಲಿಂದ ಕಲಿತೆವೋ ಗೊತ್ತಿಲ್ಲ. ಅರಮನೆ ಬಿಟ್ಟು ಹೊರಟವರ ಕತೆಗಳೇ ನಮಗೆ ಪ್ರಿಯ. ಸಾಲಗಾರರಿಗೆ ಹೆದರಿ ಹೊರಟವನು ದಾರಿಯಲ್ಲಿ ಏನು ಕಂಡ ಎಂದು ಕೇಳುವವರಿಲ್ಲ. ಜೋನ್ಸ್‌ನ ಬಗ್ಗೆ ಕೇಳಬೇಕಾದ್ದು ಅವನು ಯಾಕೆ ಬಂದ ಎಂದಲ್ಲ, ಬಂದ ಮೇಲೆ ಹಿಂದಕ್ಕೆ ಹೋದನೇ ಎಂದು. ಹೋಗುವ ಅವಕಾಶ ಅವನಿಗೆ 1850ರಲ್ಲೇ ಇತ್ತು.

1848 ಯೂರೋಪಿನ ತುಂಬ ಬೆಂಕಿ ಹತ್ತಿದ ವರ್ಷ. ಏಪ್ರಿಲ್ 10ರಂದು ಲಂಡನ್ನಿನ ಕೆನ್ನಿಂಗ್ಟನ್ ಕಾಮನ್‌ನಲ್ಲಿ ಚಾರ್ಟಿಸ್ಟರ ದೊಡ್ಡ ಸಭೆ ಸೇರಿತು, ಅರ್ಜಿ ಪಾರ್ಲಿಮೆಂಟಿಗೆ ಹೋಯಿತು, ಅಲ್ಲಿ ನಗೆಪಾಟಲಾಯಿತು. ಜೂನ್ 4ರಂದು ಪೂರ್ವ ಲಂಡನ್ನಿನ ಬಿಷಪ್ ಬಾನರ್ಸ್ ಫೀಲ್ಡ್ಸ್‌ನಲ್ಲಿ ಜೋನ್ಸ್ ಮಾಡಿದ ಭಾಷಣಕ್ಕಾಗಿ ಅವನನ್ನು ರಾಜದ್ರೋಹದ ಆರೋಪದ ಮೇಲೆ ಹಿಡಿದರು. ಚಾರ್ಟಿಸ್ಟರ ಹಸಿರು ಬಾವುಟ ಪ್ರಧಾನಿಯ ಬೀದಿಯ ಮೇಲೆ ಹಾರುತ್ತದೆ ಎಂಬ ಅರ್ಥದ ಮಾತು ಆ ಭಾಷಣದಲ್ಲಿತ್ತು. ಬ್ಯಾರಿಸ್ಟರು ಕಟಕಟೆಯ ಆ ಕಡೆ ನಿಂತ. ಎರಡು ವರ್ಷ ಶಿಕ್ಷೆ, ಟಾಟ್‌ಹಿಲ್ ಫೀಲ್ಡ್ಸ್ ಜೈಲು. ಅಲ್ಲಿ ಖೈದಿಗಳು ಒಬ್ಬರೊಡನೊಬ್ಬರು ಮಾತಾಡುವಂತಿಲ್ಲ. ಹಳೆಯ ಹಡಗಿನ ಹಗ್ಗಗಳನ್ನು ಬಿಚ್ಚಿ ನಾರು ಮಾಡುವುದು ಕೆಲಸ. ಜೋನ್ಸ್ ಆ ಕೆಲಸ ಮಾಡಲು ಒಪ್ಪಲಿಲ್ಲ.

ಶಾಯಿಯ ಕತೆ ಇಲ್ಲಿಯದು. ಚಾಲ್ತಿಯಲ್ಲಿರುವ ಪೂರ್ಣ ಪಾಠದಲ್ಲಿ ರಕ್ತಕ್ಕಿಂತ ಸ್ವಾರಸ್ಯವಾದ ವಿವರಗಳಿವೆ. ಜೈಲಿನ ಅಂಗಳದಲ್ಲಿ ಬಿದ್ದ ಹಕ್ಕಿಯ ಗರಿಯೊಂದು ಲೇಖನಿಯಾಯಿತು. ಸೋಪಿನ ತುಂಡೊಂದನ್ನು ಕೊರೆದು ದೌತಿ ಮಾಡಿಕೊಂಡ. ಮನೆಗೆ ಕಾಗದ ಬರೆಯಲು ಅಪರೂಪಕ್ಕೆ ಶಾಯಿ ಕೊಟ್ಟಾಗ ಒಂದಿಷ್ಟು ಕದ್ದು ಆ ಸೋಪಿನ ದೌತಿಗೆ ತುಂಬಿಕೊಂಡ. ಶಾಯಿ ಮುಗಿದಾಗ ಮಾತ್ರ ರಕ್ತ. ನಾನು ತರಗತಿಯಲ್ಲಿ ಗರಿಯನ್ನೂ ಸೋಪನ್ನೂ ಬಿಟ್ಟು ರಕ್ತವನ್ನು ಮಾತ್ರ ಹೇಳುತ್ತಿದ್ದೆ. ಅದು ಜೋನ್ಸ್ ಮಾಡಿದ ತಪ್ಪಲ್ಲ, ನನ್ನದು.

ಆದರೆ ನನಗೆ ಹೆಚ್ಚು ಚುಚ್ಚಿದ ಸಂಗತಿ ಬೇರೆ. ಅದೇ ಜೈಲಿನಲ್ಲಿ ಅದೇ ಚಳವಳಿಗಾಗಿ ಅಲೆಕ್ಸಾಂಡರ್ ಶಾರ್ಪ್, ಜೋಸೆಫ್ ವಿಲಿಯಮ್ಸ್ ಎಂಬ ಇನ್ನಿಬ್ಬರಿದ್ದರು. 1849ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಇಬ್ಬರೂ ಜೈಲಿನಲ್ಲೇ ಸತ್ತರು. ಅವರು ಕಾವ್ಯ ಬರೆಯಲಿಲ್ಲ. ಹೀಗಾಗಿ ನನ್ನ ಪಾಠದೊಳಗೆ ಅವರಿಗೆ ಜಾಗವೂ ಇರಲಿಲ್ಲ. ಒಬ್ಬನ ಬೆರಳಿನಿಂದ ಬಂದ ನಾಲ್ಕು ಹನಿ ರಕ್ತಕ್ಕೆ ನಾನು ಕೊಟ್ಟ ನಿಶ್ಶಬ್ದವನ್ನು ಎರಡು ಹೆಣಗಳಿಗೆ ಕೊಟ್ಟಿರಲಿಲ್ಲ.

1850ರ ಜುಲೈಯಲ್ಲಿ ಜೋನ್ಸ್ ಹೊರಬಂದ. ಚಳವಳಿ ಆಗಲೇ ಕುಸಿದಿತ್ತು. ಕ್ಷಮೆ ಕೇಳಿಯೋ ಸುಮ್ಮನಿದ್ದೋ ವಕೀಲಿಗೆ ಮರಳಬಹುದಾಗಿತ್ತು. ಅವನು 1851ರಲ್ಲಿ 'ನೋಟ್ಸ್ ಟು ದ ಪೀಪಲ್' ಎಂಬ ವಾರಪತ್ರಿಕೆ ಶುರು ಮಾಡಿದ, ಮರುವರ್ಷ 'ಪೀಪಲ್ಸ್ ಪೇಪರ್'. ಕಾರ್ಲ್ ಮಾರ್ಕ್ಸ್ ಇವಕ್ಕೆ ನೆರವಾದ, ಬರೆದ. ಜೈಲಿನ ಆ ಕಾವ್ಯ ಮೊದಲು ಅಚ್ಚಾದದ್ದು 'ನೋಟ್ಸ್'ನಲ್ಲೇ. ಆಗ ಅದರ ಹೆಸರು 'ಹಿಂದೂಸ್ತಾನದ ದಂಗೆ' ಆಗಿರಲಿಲ್ಲ, 'ಹೊಸ ಲೋಕ' ಎಂದಿತ್ತು. 1857ರಲ್ಲಿ ಇಲ್ಲಿ ಸಿಪಾಯಿಗಳು ಎದ್ದ ಮೇಲೆ ಅದನ್ನು ಹೊಸ ಹೆಸರಿನಲ್ಲಿ ಮತ್ತೆ ಅಚ್ಚು ಹಾಕಿಸಿದ. ಎಂದರೆ ನಾನು ಹೇಳುತ್ತಿದ್ದ ಕತೆಯಲ್ಲಿ ಇದೂ ತಪ್ಪು. ಜೈಲಿನ ಕತ್ತಲಲ್ಲಿ ಅವನು ನಮ್ಮ ದಂಗೆಯನ್ನು ಕಂಡ ಎಂಬ ಭವಿಷ್ಯವಾಣಿಯ ಪ್ರಭಾವಳಿ, ಅರ್ಧದಷ್ಟಾದರೂ, ಆ ಎರಡನೆಯ ಶೀರ್ಷಿಕೆ ತಂದುಕೊಟ್ಟದ್ದು.

ಕಾವ್ಯ ಹೇಗಿದೆ? ನಿಜ ಹೇಳಬೇಕೆಂದರೆ ಓದಿ ಮುಗಿಸುವುದು ಕಷ್ಟ. ಎರಡೆರಡು ಸಾಲಿಗೆ ಪ್ರಾಸ ಕೂಡಿಸುತ್ತ ಹೋಗುವ ದ್ವಿಪದಿ. ಪೋಪ್ ಕವಿಯ ಕೈಯಲ್ಲಿ ಕತ್ತರಿಯಂತಿದ್ದ ಆ ಛಂದಸ್ಸು ಇಲ್ಲಿ ಡೊಳ್ಳಾಗಿದೆ. ಅಮೆರಿಕವನ್ನು ಉದ್ದೇಶಿಸಿ ಶುರುವಾಗಿ ಹಿಂದೂಸ್ತಾನಕ್ಕೆ ಬರುತ್ತದೆ. ಜನ ಬ್ರಿಟಿಷರ ವಿರುದ್ಧ ಏಳುತ್ತಾರೆ, ಗೆಲ್ಲುತ್ತಾರೆ. ಗೆದ್ದ ಮೇಲೆ ಅಧಿಕಾರ ಜನರಿಗೆ ದಕ್ಕದೆ ಮೇಲಿನವರ ಕೈ ಸೇರುತ್ತದೆ. ಜನ ಮತ್ತೆ ಹೋರಾಡಬೇಕಾಗುತ್ತದೆ. ಜೋನ್ಸ್ ಭಾರತಕ್ಕೆ ಬಂದವನಲ್ಲ. ಅವನ ಹಿಂದೂಸ್ತಾನದಲ್ಲಿ ಒಂದು ಊರಿನ ಧೂಳಿಲ್ಲ, ಒಬ್ಬ ಮನುಷ್ಯನ ಗುರುತಿಲ್ಲ. ಇಂಗ್ಲೆಂಡಿನ ಮಧ್ಯಮ ವರ್ಗ 1832ರಲ್ಲಿ ಕಾರ್ಮಿಕರ ಬಲದಿಂದ ತಾನು ಮತ ಪಡೆದು ಅವರನ್ನು ಹೊರಗಿಟ್ಟ ಕತೆಗೇ ಇಲ್ಲಿ ಪೇಟ ಸುತ್ತಿದ್ದಾನೆ. ಇದು ಭಾರತದ ಬಗ್ಗೆ ಬರೆದ ಕಾವ್ಯವಲ್ಲ.

ಹೀಗೆ ಬರೆದ ಮೇಲೂ ಕೈ ಹಿಂಜರಿಯುತ್ತದೆ. 1857ರಲ್ಲಿ ಇಂಗ್ಲೆಂಡಿನ ಉಳಿದ ಸಾಹಿತಿಗಳು ಏನು ಹೇಳುತ್ತಿದ್ದರು ಎಂದು ನೋಡಿ. ಬಡಮಕ್ಕಳ ಕಣ್ಣೀರು ಬರೆದ ಡಿಕನ್ಸ್, ತಾನು ಭಾರತದ ಸೇನಾಪತಿಯಾಗಿದ್ದರೆ ಆ ಜನಾಂಗವನ್ನೇ ಇಲ್ಲವಾಗಿಸಲು ಯತ್ನಿಸುತ್ತಿದ್ದೆ ಎಂಬರ್ಥದ ಮಾತನ್ನು ಗೆಳತಿಗೆ ಕಾಗದದಲ್ಲಿ ಬರೆದ. ಟೆನಿಸನ್ ಲಖನೌದ ಮುತ್ತಿಗೆಯ ಮೇಲೆ ಮುಂದೆ ಕವಿತೆ ಬರೆದಾಗ ಅವನ ಕಣ್ಣಿದ್ದದ್ದು ಕೋಟೆಯ ಒಳಗಿನ ಬಿಳಿಯರ ಮೇಲೆ. ಜೋನ್ಸ್ ಆ ವರ್ಷ ತನ್ನ ಪತ್ರಿಕೆಯಲ್ಲಿ ಈ ದಂಗೆ ನ್ಯಾಯವಾದದ್ದು, ಅಗತ್ಯವಾದದ್ದು ಎಂದು ಬರೆದ. ರಷ್ಯಾದ ಕೆಳಗಿರುವ ಪೋಲೆಂಡಿಗೆ ಮರುಗುವ ನೀವು ನಿಮ್ಮದೇ ಕೆಳಗಿರುವ ಹಿಂದೂಸ್ತಾನಕ್ಕೆ ಯಾಕೆ ಮರುಗುವುದಿಲ್ಲ ಎಂದು ಕೇಳಿದ. ಅವನ ಪದ್ಯದಲ್ಲಿ ಇಲ್ಲದ ಭಾರತ ಅವನ ಗದ್ಯದಲ್ಲಿದೆ. ಅದು ವಕೀಲನ ಗದ್ಯ: ಎದುರು ಪಕ್ಷದವನು ಹಿಂದೆ ಒಪ್ಪಿಕೊಂಡ ಮಾತನ್ನೇ ಎತ್ತಿ ಅವನ ಮುಂದಿಡುವುದು.

ಆ ವರ್ಷ ನವೆಂಬರಿನಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆಯನ್ನು ಧಿಕ್ಕರಿಸಿದ ಮುಧೋಳ ಸೀಮೆಯ ಹಲಗಲಿಯ ಮೇಲೆ ಕಂಪನಿಯ ಸೇನೆ ಬಿತ್ತು. ಹತ್ತನೇ ತರಗತಿಯಲ್ಲಿ ಆ ಲಾವಣಿ ಓದಿದವರಿಗೆ ಅದರ ಲಯ ಇನ್ನೂ ಕಿವಿಯಲ್ಲಿರಬೇಕು. ಜೋನ್ಸ್‌ನ ಕಾವ್ಯದ ಪಕ್ಕ ಅದನ್ನಿಟ್ಟು ಓದಿದೆ. ಲಾವಣಿಕಾರನಿಗೆ ಲೋಕಕ್ರಾಂತಿಯ ನಕ್ಷೆ ಗೊತ್ತಿಲ್ಲ. ಯಾರ ಹೆಸರು ಏನು, ಯಾರು ಏನು ಕಳಕೊಂಡರು ಎಂಬುದು ಗೊತ್ತಿದೆ. ಜೋನ್ಸ್‌ನಿಗೆ ನಕ್ಷೆ ಗೊತ್ತು, ಹೆಸರು ಗೊತ್ತಿಲ್ಲ. ಹೋಲಿಕೆ ಅನ್ಯಾಯದ್ದು ಎಂದು ಬಲ್ಲೆ. ಆದರೂ ನನಗೆ ಒಂದನ್ನು ಆರಿಸು ಎಂದರೆ ಲಾವಣಿಯನ್ನೇ ಆರಿಸುತ್ತೇನೆ.

ಹಾಗಾದರೆ ಜೋನ್ಸ್ ಕವಿಯೇ ಅಲ್ಲವೆ? ಒಂದು ಕವಿತೆ ಇದೆ. 1852ರ ಸುಮಾರಿನ 'ಕೀಳುಜನರ ಹಾಡು'. ಮೇಲಿನವರು ಕಾರ್ಮಿಕರಿಗೆ ಹಚ್ಚಿದ 'ಕೀಳು' ಎಂಬ ಒಂದೇ ಪದವನ್ನು ಹಿಡಿದು ಇಡೀ ಹಾಡು ನಡೆಯುತ್ತದೆ. ಹಾಡುವವರು 'ನಾವು' ಎನ್ನುತ್ತಾರೆ. ಉಳುವವರು, ಗಣಿ ಅಗೆಯುವವರು, ಮನೆ ಕಟ್ಟುವವರು, ಬಟ್ಟೆ ನೇಯುವವರು ಒಬ್ಬೊಬ್ಬರಾಗಿ ಬಂದು ತಮ್ಮ ಕೀಳುತನವನ್ನು ಒಪ್ಪಿಕೊಳ್ಳುತ್ತಾರೆ. ಬೆಳೆಯುವಷ್ಟು ಮೇಲಿದ್ದೇವೆ, ತಿನ್ನುವಷ್ಟು ಮೇಲಿಲ್ಲ ಎಂಬ ಧಾಟಿ. ಒಪ್ಪಿಕೊಳ್ಳುತ್ತ ಹೋದಂತೆ ಆ ಪದದೊಳಗೇನೂ ಉಳಿಯುವುದಿಲ್ಲ. ಇಲ್ಲಿ ಡೊಳ್ಳಿಲ್ಲ, ಪ್ರವಾದಿಯಿಲ್ಲ, ರಕ್ತವಿಲ್ಲ. ಸಾಕ್ಷಿಯ ಬಾಯಿಂದ ಬಂದ ಒಂದು ಪದವನ್ನು ಹಿಡಿದು ಅದನ್ನೇ ಹತ್ತು ಸಲ ಕೇಳಿಸಿ ಸುಳ್ಳನ್ನು ಹೊರಗೆಳೆಯುವ ಪಾಟೀಸವಾಲಿನ ಜಾಣ್ಮೆ ಇದೆ. ಈ ಹಾಡು ಬಹುಕಾಲ ಸಭೆಗಳಲ್ಲಿ ಬದುಕಿತು. ಜೋನ್ಸ್ ಕವಿಯಾದಾಗ ಸಾಧಾರಣ, ವಕೀಲನಾಗಿದ್ದುಕೊಂಡೇ ಕವಿತೆ ಬರೆದಾಗ ಒಳ್ಳೆಯವನು ಎಂಬುದು ನನ್ನ ಅನಿಸಿಕೆ.

ಐವತ್ತರ ದಶಕ ಅವನಿಗೆ ಇಳಿಜಾರು. ಹ್ಯಾಲಿಫ್ಯಾಕ್ಸ್‌ನಲ್ಲಿ 1847ರ ಚುನಾವಣೆಯಲ್ಲಿ 280 ಮತ ಬಂದಿತ್ತು. 1852ರಲ್ಲಿ ನಲವತ್ತೂ ಬರಲಿಲ್ಲ. ಪತ್ರಿಕೆ 1858ರಲ್ಲಿ ಕೈಬಿಟ್ಟಿತು. ಮಧ್ಯಮ ವರ್ಗದ ಸುಧಾರಕರ ಜೊತೆ ಕೂಡಿಕೊಂಡನೆಂದು ಮಾರ್ಕ್ಸ್, ಏಂಗೆಲ್ಸ್ ದೂರವಾದರು. ಹಣದ ವಿಷಯದಲ್ಲಿ ಅಪವಾದ ಹೊರಿಸಿದ ರೆನಾಲ್ಡ್ಸ್ ಮೇಲೆ 1859ರಲ್ಲಿ ಮಾನಹಾನಿ ದಾವೆ ಹೂಡಿ ಗೆದ್ದ. ಈ ರೆನಾಲ್ಡ್ಸ್ ಅಂದರೆ 'ಲಂಡನ್ ರಹಸ್ಯ'ದ ಕಾದಂಬರಿಕಾರನೇ, ಭಾರತದ ಹಲವು ಭಾಷೆಗಳಲ್ಲಿ ನಮ್ಮ ಮುತ್ತಜ್ಜಂದಿರು ಕದ್ದು ಓದುತ್ತಿದ್ದವನು.

ಹೆಂಡತಿ ಜೇನ್ 1857ರಲ್ಲಿ ತೀರಿಕೊಂಡಳು. ಗಂಡ ಜೈಲಿನಲ್ಲಿದ್ದ ಎರಡು ವರ್ಷ ಮಕ್ಕಳನ್ನು ಕಟ್ಟಿಕೊಂಡು ಸಂಸಾರ ನಡೆಸಿದವಳು ಅವಳು. 'ನೋಟ್ಸ್ ಟು ದ ಪೀಪಲ್'ನಲ್ಲಿ ಜೋನ್ಸ್ ಹೆಂಗಸರ ಕಷ್ಟಗಳ ಮೇಲೆ ಕತೆಗಳನ್ನು ಧಾರಾವಾಹಿಯಾಗಿ ಬರೆದ. ಆ ಕಾಲಕ್ಕೆ ದಿಟ್ಟ ಬರಹವೇ. ಆದರೆ ಅವುಗಳನ್ನು ಓದುವಾಗ ಪಕ್ಕದ ಕೋಣೆಯಲ್ಲಿದ್ದ ಹೆಂಗಸಿನ ಕಡೆ ನನ್ನ ಗಮನ ಹೋಗುತ್ತಲೇ ಇತ್ತು. ನೆತ್ತರ ಶಾಯಿಯ ಕತೆ ಹೇಳುವವರು ಯಾರೂ ಜೇನ್ ಆ ಎರಡು ವರ್ಷ ಒಲೆ ಹೇಗೆ ಹಚ್ಚಿದಳೆಂದು ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ.

1861ರಲ್ಲಿ ಜೋನ್ಸ್ ಮ್ಯಾಂಚೆಸ್ಟರಿಗೆ ಹೋಗಿ ಕರಿಗೌನು ಮತ್ತೆ ಹಾಕಿಕೊಂಡ. ನನ್ನ ಮಟ್ಟಿಗೆ ಅವನ ಬದುಕಿನ ದೊಡ್ಡ ದೃಶ್ಯ ಜೈಲಿನದಲ್ಲ, ಈ ಊರಿನ ಕೋರ್ಟಿನದು. 1867ರ ಸೆಪ್ಟೆಂಬರ್ 18ರಂದು ಮ್ಯಾಂಚೆಸ್ಟರಿನ ಹೈಡ್ ರಸ್ತೆಯಲ್ಲಿ ಐರಿಷ್ ಫೇನಿಯನ್ನರು ಪೊಲೀಸ್ ಬಂಡಿಯನ್ನು ತಡೆದು ತಮ್ಮ ಇಬ್ಬರು ನಾಯಕರನ್ನು ಬಿಡಿಸಿಕೊಂಡು ಹೋದರು. ಆ ಗಲಾಟೆಯಲ್ಲಿ ಬಂಡಿಯೊಳಗಿದ್ದ ಸಾರ್ಜೆಂಟ್ ಚಾರ್ಲ್ಸ್ ಬ್ರೆಟ್ ಗುಂಡೇಟಿನಿಂದ ಸತ್ತ. ಊರಿನ ಐರಿಷರನ್ನು ಸಿಕ್ಕಸಿಕ್ಕಲ್ಲಿ ಹಿಡಿದು ತಂದರು. ಇಂಗ್ಲೆಂಡಿನಲ್ಲಿ ಅವರ ಪರ ನಿಲ್ಲುವುದೆಂದರೆ ಕಕ್ಷಿದಾರರನ್ನೂ ಗೆಳೆಯರನ್ನೂ ಕಳೆದುಕೊಳ್ಳುವುದು.

ಆಗ ನಿಂತವರಲ್ಲಿ ಇಬ್ಬರು ಹಳೆಯ ಚಾರ್ಟಿಸ್ಟರು. ಸಾಲಿಸಿಟರ್ ಆಗಿ ಡಬ್ಲ್ಯು.ಪಿ. ರಾಬರ್ಟ್ಸ್, ಬ್ಯಾರಿಸ್ಟರ್ ಆಗಿ ಜೋನ್ಸ್. ರಾಬರ್ಟ್ಸ್ ಬಗ್ಗೆ ಬೇರೆಯೇ ಲೇಖನ ಬರೆಯಬೇಕು. ಗಣಿ ಕಾರ್ಮಿಕರು ತಮ್ಮ ಸಂಘದಿಂದ ಅವನನ್ನು ನೇಮಿಸಿಕೊಂಡು 'ಗಣಿಗಾರರ ಅಟಾರ್ನಿ ಜನರಲ್' ಎಂದು ಕರೆಯುತ್ತಿದ್ದರು. ಕೆಲಸ ಬಿಟ್ಟ ತಪ್ಪಿಗೆ ಕೂಲಿಗಳನ್ನು ಜೈಲಿಗೆ ತಳ್ಳುತ್ತಿದ್ದ ಮ್ಯಾಜಿಸ್ಟ್ರೇಟರ ಬೆನ್ನುಹತ್ತಿ, ಮೇಲಿನ ಕೋರ್ಟಿನಿಂದ ಹೇಬಿಯಸ್ ಕಾರ್ಪಸ್ ತಂದು ಬಿಡಿಸುತ್ತಿದ್ದ. ಏಂಗೆಲ್ಸ್‌ನ ಇಂಗ್ಲೆಂಡಿನ ಕಾರ್ಮಿಕರ ಮೇಲಿನ ಪುಸ್ತಕದಲ್ಲಿ ಅವನು ಬರುತ್ತಾನೆ. ಅವನು ಕವಿತೆ ಬರೆದವನಲ್ಲ. ಅದಕ್ಕೇ ನನ್ನಂಥ ಸಾಹಿತ್ಯದ ಮೇಷ್ಟರಿಗೆ ಅವನ ಹೆಸರು ತಡವಾಗಿ ತಿಳಿಯಿತು.

ವಿಚಾರಣೆಯ ಮೊದಲ ಹಂತದಲ್ಲೇ, ಮ್ಯಾಜಿಸ್ಟ್ರೇಟರ ಮುಂದೆ, ಆರೋಪಿಗಳನ್ನು ಕೈಕೋಳ ಹಾಕಿಯೇ ನಿಲ್ಲಿಸಿದ್ದರು. ಜೋನ್ಸ್ ಎದ್ದು, ಅಪರಾಧ ಇನ್ನೂ ಸಾಬೀತಾಗಿಲ್ಲ, ಕೋಳ ತೆಗೆಸಿ ಎಂದ. ಒಪ್ಪಲಿಲ್ಲ. ಈ ಅವಮಾನಕ್ಕೆ ತಾನು ಪಾಲುದಾರನಾಗಲಾರೆ ಎಂದು ವಕಾಲತ್ತು ಬಿಟ್ಟು ಕೋರ್ಟಿನಿಂದ ಹೊರಗೆ ನಡೆದ.

ಇದೂ ನಾಟಕವೇ? ಟೇಲರ್ ಓದಿದ ಮೇಲೆ ಈ ಪ್ರಶ್ನೆ ಕೇಳಿಕೊಳ್ಳದೆ ಇರಲಾಗುವುದಿಲ್ಲ. ಹೊರನಡೆದರೆ ಕೈಕೋಳದಲ್ಲಿದ್ದವರಿಗೆ ಏನು ಸಿಕ್ಕಿತು, ಒಬ್ಬ ವಕೀಲ ಕಡಿಮೆಯಾದ ಅಷ್ಟೇ ಎಂದೂ ವಾದಿಸಬಹುದು. ನಾನು ಇದನ್ನು ಬಹಳ ಹೊತ್ತು ಯೋಚಿಸಿದ್ದೇನೆ. ನಾಟಕ ಇರಬಹುದು. ಆದರೆ ಜೈಲಿನ ಕಾವ್ಯದಲ್ಲಿ ರಂಗದ ನಡುವೆ ನಿಂತದ್ದು ಜೋನ್ಸ್‌ನ ರಕ್ತ. ಇಲ್ಲಿ ರಂಗದ ನಡುವೆ ಇದ್ದದ್ದು ಬೇರೆಯವರ ಕೈಗಳು. ಅವನು ಹೊರಟುಹೋದ ಮೇಲೆ ಕೋರ್ಟಿನಲ್ಲಿದ್ದವರೆಲ್ಲ ನೋಡಿದ್ದು ಆ ಕೈಗಳನ್ನು. ಅಲ್ಲದೆ ಅವನು ಹೊರಗೇ ಉಳಿಯಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ಶುರುವಾದಾಗ ಪ್ರತಿವಾದಿ ವಕೀಲರ ಸಾಲಿನಲ್ಲಿ ಮತ್ತೆ ಇದ್ದ. ಐದು ಜನಕ್ಕೆ ಮರಣದಂಡನೆ ಆಯಿತು. ಅವರಲ್ಲಿ ಒಬ್ಬ ಆ ಜಾಗದಲ್ಲಿ ಇರಲೇ ಇಲ್ಲವೆಂದು ಗೊತ್ತಾಗಿ ಬಿಟ್ಟರು, ಒಬ್ಬನ ಶಿಕ್ಷೆ ಇಳಿಸಿದರು. ಅಲೆನ್, ಲಾರ್ಕಿನ್, ಓಬ್ರಿಯನ್ ಮೂವರನ್ನು ನವೆಂಬರ್ 23ರಂದು ಸಾಲ್‌ಫರ್ಡ್ ಜೈಲಿನ ಗೋಡೆಯ ಮೇಲೆ, ಜನರ ಕಣ್ಣೆದುರು ಗಲ್ಲಿಗೇರಿಸಿದರು.

ಮರುವರ್ಷ ಜೋನ್ಸ್ ಮ್ಯಾಂಚೆಸ್ಟರಿನಿಂದ ಚುನಾವಣೆಗೆ ನಿಂತ. ಸೋತ, ಆದರೆ ಈ ಸಲ ಹತ್ತು ಸಾವಿರಕ್ಕೂ ಹೆಚ್ಚು ಮತ. 1869ರ ಜನವರಿಯಲ್ಲಿ, ಮುಂದಿನ ಅವಕಾಶಕ್ಕೆ ಅಭ್ಯರ್ಥಿ ಯಾರೆಂದು ತೀರ್ಮಾನಿಸಲು ಅಲ್ಲಿನ ಲಿಬರಲ್ಲರು ಪ್ರಾಯೋಗಿಕವಾಗಿ ಗುಪ್ತ ಮತದಾನ ನಡೆಸಿದರು. ಹಳೆಯ ಮಂತ್ರಿ ಮಿಲ್ನರ್ ಗಿಬ್ಸನ್ನನನ್ನು ಸೋಲಿಸಿ ಜೋನ್ಸ್ ಗೆದ್ದ. ಅವನ ಆರು ಬೇಡಿಕೆಗಳಲ್ಲಿ ಒಂದಾದ ಗುಪ್ತ ಮತದಾನ ದೇಶದ ಕಾನೂನಾಗಲು ಇನ್ನೂ ಮೂರು ವರ್ಷವಿತ್ತು. ಅವನಿಗೆ ಅಷ್ಟು ದಿನ ಉಳಿದಿರಲಿಲ್ಲ. ಜನವರಿ 26ರಂದು, ಐವತ್ತು ತುಂಬಿದ ಮರುದಿನ, ತೀರಿಕೊಂಡ. ಆರ್ಡ್‌ವಿಕ್ ಸ್ಮಶಾನದವರೆಗೆ ದಾರಿಯುದ್ದಕ್ಕೂ ಜನ.

ಈ ವರ್ಷ ಮತ್ತೆ ಆ ಪಾಠ ಬಂತು. ರಕ್ತದ ಕತೆ ಬಿಡಲಿಲ್ಲ, ಹೇಳಿದೆ. ಹೇಳಿಕೊಂಡು ಬಂದಿರುವ ಕತೆ ಎಂದೇ ಹೇಳಿದೆ. ಅದಕ್ಕೆ ಮೊದಲು ಶಾರ್ಪ್ ಮತ್ತು ವಿಲಿಯಮ್ಸ್ ಹೆಸರನ್ನು ಬೋರ್ಡಿನ ಮೇಲೆ ಬರೆದೆ. ಆಮೇಲೆ ಗರಿ, ಸೋಪಿನ ದೌತಿ, ಕದ್ದ ಶಾಯಿ. ನಿಶ್ಶಬ್ದವೇನೂ ಆಗಲಿಲ್ಲ. ಹಿಂದಿನಿಂದ ಒಬ್ಬ ಹುಡುಗ ಕೇಳಿದ, "ಸೋಪಿನೊಳಗೆ ಶಾಯಿ ನಿಲ್ಲುತ್ತಾ ಮೇಡಂ?"

ಸಂಜೆ ಮನೆಗೆ ಬಂದು ಬಟ್ಟೆ ಸೋಪಿನ ತುಂಡೊಂದನ್ನು ಚಮಚದಿಂದ ಕೊರೆದು ಶಾಯಿ ಹಾಕಿ ಇಟ್ಟೆ. ರಾತ್ರಿ ಊಟದ ಹೊತ್ತಿಗೂ ಇತ್ತು. ಬೆಳಿಗ್ಗೆ ನೋಡಿದರೆ ತಳದಲ್ಲಿ ಸ್ವಲ್ಪ ಇಂಗಿತ್ತು, ಆದರೆ ನಾಲ್ಕು ಸಾಲು ಬರೆಯುವಷ್ಟು ಉಳಿದಿತ್ತು.